ಬ್ರಷ್ ಕೆಳಗಿಟ್ಟು ಮೂರು ಮಳೆಗಾಲ: ಮತ್ತೆ ಕೈ ಕೂಡಿಸುವುದು ಹೇಗೆ?

ಪ್ರಶ್ನೆ: ನನಗೆ 43 ವರ್ಷ. ಊರು ಶಿರಸಿ ಕಡೆ, ಕೆಲಸದ ಮೇಲೆ ಕಾರವಾರದಲ್ಲಿದ್ದೇನೆ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸು ಮಾಡಿದ್ದೆ. ಮೂರು ವರ್ಷದ ಹಿಂದಿನವರೆಗೂ ಭಾನುವಾರ ಬಂತೆಂದರೆ ಜಲವರ್ಣದಲ್ಲಿ ಏನಾದರೊಂದು ಮಾಡುತ್ತಿದ್ದೆ. ಇಲ್ಲಿಗೆ ವರ್ಗವಾದ ಮೇಲೆ ನಿಂತುಹೋಯಿತು. ಕಳೆದ ವರ್ಷ ನೂರು ದಿನ ನೂರು ಚಿತ್ರ ಮಾಡಿಯೇ ಸೈ ಎಂದು ಹಟ ಹಿಡಿದು ಹನ್ನೊಂದನೇ ದಿನಕ್ಕೆ ಬಿಟ್ಟೆ. ಒಳ್ಳೆಯ ಕಾಗದ ತರಿಸಿಟ್ಟಿದ್ದೇನೆ, ಕಟ್ಟು ಬಿಚ್ಚಿಲ್ಲ. ಈಗ ಕೂತರೆ ಗೆರೆ ಹಿಡಿತಕ್ಕೆ ಸಿಗುವುದಿಲ್ಲ, ಬಣ್ಣ ಹಚ್ಚಿದರೆ ರಾಡಿಯಾಗುತ್ತದೆ, ಹಳೆಯ ಹಾಳೆಗಳ ಮೇಲಂತೂ ಚುಕ್ಕಿ ಚುಕ್ಕಿಯಾಗಿ ಇಂಗಿಬಿಡುತ್ತದೆ. ಆರಿದ್ರಾ ಮಳೆ ಬೇರೆ ಹಿಡಿದಿದೆ. ನನ್ನ ಆಸಕ್ತಿಯೇ ಹೋಯಿತೇ? ಮತ್ತೆ ಎಲ್ಲಿಂದ ಶುರುಮಾಡಲಿ?

ಉತ್ತರ: ಆಸಕ್ತಿ ಹೋದವರಿಗೆ ಬಣ್ಣ ಹೇಗೆ ಇಂಗುತ್ತದೆ, ಗೆರೆ ಎಲ್ಲಿ ಜಾರುತ್ತದೆ ಎಂಬುದೆಲ್ಲ ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಬಿದ್ದಿದೆ. ನಿಮ್ಮ ಪತ್ರವನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳಿವೆ: ಹಾಳಾದ ಕಾಗದ, ಒಣಗದ ಹವೆ, ಬಹುಶಃ ಕಣ್ಣು, ಆಮೇಲೆ ಲೆಕ್ಕ ತಪ್ಪಿದ ಹಟ. ನಾಲ್ಕನ್ನೂ ಒಂದೇ ಗಂಟು ಕಟ್ಟಿ ಅದಕ್ಕೆ ಆಸಕ್ತಿ ಇಲ್ಲ ಎಂದು ಹೆಸರಿಟ್ಟಿದ್ದೀರಿ. ಒಂದೊಂದಾಗಿ ಬಿಚ್ಚೋಣ. ಸುಲಭದ್ದು ಮೊದಲು.

ಜಲವರ್ಣದ ಕಾಗದಕ್ಕೆ ತಯಾರಿಸುವಾಗಲೇ ಒಂದು ತೆಳು ಅಂಟು ಕುಡಿಸಿರುತ್ತಾರೆ. ಒಳ್ಳೆಯ ಕಾಗದದಲ್ಲಿ ಹೆಚ್ಚಾಗಿ ಅದು ಜೆಲಟಿನ್. ಈ ಅಂಟು ಇರುವುದರಿಂದಲೇ ಬಣ್ಣದ ನೀರು ಕೂಡಲೇ ಇಂಗದೆ ಮೇಲೆ ನಿಂತು, ಬ್ರಷ್ ಎಳೆದ ಕಡೆ ಬರುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಹಿಡಿಯುವ ಬೂಷ್ಟೇ ಕಾಗದದ ಅಂಟನ್ನೂ ತಿನ್ನುತ್ತದೆ. ಅಂಟು ಹೋದ ಜಾಗದಲ್ಲಿ ಕಾಗದ ಬರಿಯ ಬ್ಲಾಟಿಂಗ್ ಪೇಪರ್. ಚುಕ್ಕಿ ಚುಕ್ಕಿಯಾಗಿ ಇಂಗುವುದೆಂದರೆ ಇದೇ. ಕೈಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಪರೀಕ್ಷೆ ಮಾಡುವುದು ಎರಡು ನಿಮಿಷದ ಕೆಲಸ. ಹಾಳೆಯ ಅಂಚಿನಿಂದ ಎರಡು ಬೆರಳು ಅಗಲದ ಪಟ್ಟಿ ಹರಿದು, ಶುದ್ಧ ನೀರಿನಲ್ಲಿ ಅದ್ದಿದ ಬ್ರಷ್ಷನ್ನು ಒಮ್ಮೆ ಎಳೆಯಿರಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೀರು ಒಂದೇ ಸಮನಾಗಿ ಹೊಳೆಯುತ್ತಾ ಒಂದು ನಿಮಿಷ ನಿಂತರೆ ಕಾಗದ ಚೆನ್ನಾಗಿದೆ. ಎಣ್ಣೆ ಬಿದ್ದ ಹಾಗೆ ಅಲ್ಲಲ್ಲಿ ಕಪ್ಪು ಚುಕ್ಕಿ ಮೂಡಿದರೆ ಆ ಹಾಳೆಗೆ ಜಲವರ್ಣ ಬೇಡ. ಪೆನ್ಸಿಲ್‌ಗೆ, ಇದ್ದಿಲಿಗೆ ಇಟ್ಟುಕೊಳ್ಳಿ. ಮತ್ತೆ ಜೆಲಟಿನ್ ಕುಡಿಸಿ ಸರಿಮಾಡಲು ಬರುತ್ತದೆ, ಆದರೆ ಜುಲೈಯಲ್ಲಿ ಅದು ಒಣಗುವ ಮೊದಲೇ ಮತ್ತೊಮ್ಮೆ ಬೂಷ್ಟು ಹಿಡಿಯುತ್ತದೆ. ಆ ಗೋಜಿಗೆ ಹೋಗಬೇಡಿ.

ಬಿಚ್ಚದ ಕಟ್ಟನ್ನು ಈವತ್ತೇ ಬಿಚ್ಚಿ, ಇದೇ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಸುತ್ತಿದ್ದರೂ ತೇವ ನಿಧಾನಕ್ಕೆ ಒಳಗೆ ಹೋಗುತ್ತದೆ. ಹಾಗಾಗಿ ಮುಂದೆಂದೋ ಮಾಡುವ ದೊಡ್ಡ ಚಿತ್ರಕ್ಕೆಂದು ಕಾದಿರಿಸಿದ ಕಾಗದ ಕರಾವಳಿಯಲ್ಲಿ ಕಾದಷ್ಟೂ ಕೆಡುತ್ತದೆ. ಕಾಗದ ಚೆನ್ನಾಗಿದ್ದರೆ ಪೂರ್ತಿ ಅಳತೆಯ, ಅಂದರೆ 22 ಇಂಚಿಗೆ 30 ಇಂಚಿನ ಹಾಳೆಯೊಂದನ್ನು ಎಂಟು ತುಂಡು ಮಾಡಿ. ಪ್ರತಿ ತುಂಡು ಏಳೂವರೆ ಇಂಚಿಗೆ ಹನ್ನೊಂದು ಇಂಚು ಬರುತ್ತದೆ. ಒಂದು ತುಂಡನ್ನು ಮೊದಲ ದಿನವೇ ಬರಿಯ ಬಣ್ಣದ ಪಟ್ಟಿ ಎಳೆದು ಮುಗಿಸಿಬಿಡಿ. ದುಬಾರಿ ಕಾಗದದ ಹೆದರಿಕೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಉಳಿದದ್ದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜೊತೆ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಚಿರೇಕಲ್ಲಿನ ಹೊರಗೋಡೆ ಮಳೆಗಾಲವಿಡೀ ತೇವ ಬಿಡುತ್ತಲೇ ಇರುತ್ತದೆ. ಸಿಲಿಕಾ ಜೆಲ್ಲಿನಲ್ಲಿ ಕಿತ್ತಳೆ ಬಣ್ಣದ ಕಾಳು ತನ್ನಿ. ತೇವ ತುಂಬಿದಾಗ ಅದು ಹಸಿರಾಗುತ್ತದೆ. ಆಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ನೀಲಿ ಕಾಳಿನಲ್ಲಿ ವಿಷದ ಕೋಬಾಲ್ಟ್ ಲವಣ ಇರುತ್ತದೆ, ಮನೆಯೊಳಗೆ ಬೇಡ. ನುಸಿಗುಳಿಗೆ ಹುಳ ಓಡಿಸುತ್ತದೆಯೇ ಹೊರತು ತೇವ ಹೀರುವುದಿಲ್ಲ.

ಟ್ಯೂಬು ಗಟ್ಟಿಯಾಗಿದ್ದರೆ ಎಸೆಯಬೇಡಿ. ಜಲವರ್ಣದ ಅಂಟು ಗೋಂದು, ನೀರು ಬಿದ್ದರೆ ಮತ್ತೆ ಕರಗುತ್ತದೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಗಟ್ಟಿ ಬಣ್ಣವನ್ನು ಪ್ಯಾಲೆಟ್ಟಿನ ಗುಳಿಗೆ ಒತ್ತಿ, ನಾಲ್ಕೈದು ಹನಿ ನೀರು ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆಗೆ ಬ್ರಷ್ಷಿಗೆ ಬರುತ್ತದೆ. ಬಣ್ಣ ಬಿರುಕು ಬಿಡುತ್ತದೆಂದು ಒಣಹವೆಯ ಊರುಗಳಲ್ಲಿ ಜೇನುತುಪ್ಪವನ್ನೋ ಗ್ಲಿಸರಿನ್ನನ್ನೋ ಸೇರಿಸುವುದುಂಟು. ಅವೆರಡೂ ಗಾಳಿಯ ತೇವ ಹಿಡಿದಿಡುವ ವಸ್ತುಗಳು. ಇಲ್ಲಿ ಹಾಗೆ ಮಾಡಿದರೆ ಬಣ್ಣ ಎಂದೂ ಒಣಗದೆ ಅದರ ಮೇಲೂ ಬೂಷ್ಟು ಬರುತ್ತದೆ. ಬಂದಿದ್ದರೆ ಮೇಲಿನ ಪದರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಹತ್ತಿಯಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಮುಟ್ಟಿಸಿ, ಡಬ್ಬದ ಮುಚ್ಚಳ ತೆರೆದಿಟ್ಟು ಒಣಗಿಸಿ. ಒದ್ದೆಯಿರುವಾಗ ಮುಚ್ಚಳ ಹಾಕುವುದೇ ಬೂಷ್ಟಿನ ಮೂಲ.

ಇನ್ನು ರಾಡಿ. ಫೆಬ್ರವರಿಯಲ್ಲಿ ಐದಾರು ನಿಮಿಷಕ್ಕೆ ಒಣಗುವ ತೆಳು ಪದರ ಜುಲೈಯಲ್ಲಿ ಅರ್ಧ ಗಂಟೆ ತೆಗೆದುಕೊಳ್ಳಬಹುದು. ಘಟ್ಟದ ಮೇಲೆ ಬೇಸಿಗೆಯ ಭಾನುವಾರಗಳಲ್ಲಿ ಕಲಿತ ಕೈ ಹಳೆಯ ಲೆಕ್ಕದಲ್ಲೇ ಎರಡನೇ ಪದರಕ್ಕೆ ಹೋಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಬ್ರಷ್ ತಾಗಿದ್ದೇ ಕೆಳಗಿನ ಬಣ್ಣ ಎದ್ದು ಮೇಲಿನದರ ಜೊತೆ ಕಲಸಿಹೋಗುತ್ತದೆ. ನೀರು ಹೆಚ್ಚಾದರೆ ಹೂಕೋಸಿನ ಅಂಚಿನ ಹಾಗೆ ಕಲೆ ಹರಡುತ್ತದೆ. ಎಲ್ಲಕ್ಕಿಂತ ಅಪಾಯದ ಗಳಿಗೆ ಹೊಳಪು ಈಗಷ್ಟೇ ಹೋದದ್ದು. ಆಗ ಮುಟ್ಟಲೇಬೇಡಿ. ಒಣಗಿದೆಯೋ ಇಲ್ಲವೋ ನೋಡಲು ಬೆರಳ ಹಿಂಬದಿಯನ್ನು ಹಾಳೆಗೆ ಹಗುರಾಗಿ ತಾಗಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ. ಹೇರ್ ಡ್ರೈಯರ್ ಬಳಸಬಹುದು, ಹೊಳಪು ಹೋದ ಮೇಲೆ, ಒಂದು ಅಡಿ ದೂರದಿಂದ, ಕಡಿಮೆ ಬಿಸಿಯಲ್ಲಿ. ಹೊಳೆಯುತ್ತಿರುವಾಗಲೇ ಹಿಡಿದರೆ ಗಾಳಿ ನೀರನ್ನು ತಳ್ಳಿ ಅಂಚಿನಲ್ಲಿ ಗೆರೆ ಕೂರಿಸುತ್ತದೆ.

ಆದರೆ ನನ್ನ ಸಲಹೆ ಡ್ರೈಯರ್ ಅಲ್ಲ. ಮಳೆಗಾಲದಲ್ಲಿ ಪದರದ ಮೇಲೆ ಪದರ ಕಟ್ಟುವ ಜಲವರ್ಣವನ್ನೇ ಬಿಟ್ಟುಬಿಡಿ. ನಮ್ಮ ಬಯಲಾಟದ ಮೇಳಗಳು ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ರಂಗಸ್ಥಳ ಕಟ್ಟುತ್ತವೆಯೇ? ತಿರುಗಾಟ ನಿಲ್ಲುತ್ತದೆ, ವೇಷದ ಪೆಟ್ಟಿಗೆ ಮೇಲೇರುತ್ತದೆ, ಜಗಲಿಯಲ್ಲಿ ತಾಳಮದ್ದಲೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಆದರೂ ಭಾಗವತಿಕೆ, ಮದ್ದಲೆ, ಅರ್ಥಗಾರಿಕೆ ಮೂರೂ ಜೀವಂತ. ನಿಮ್ಮ ಚಿತ್ರಕ್ಕೂ ಒಂದು ತಾಳಮದ್ದಲೆ ಬೇಕು: ಬೇಗ ಕೂತು ಬೇಗ ಏಳಬಹುದಾದ, ಹವೆಯ ಹಂಗಿಲ್ಲದ, ಸಲಕರಣೆ ಕಡಿಮೆ ಇರುವ ಅಭ್ಯಾಸ. ಜಲವರ್ಣ ಅಕ್ಟೋಬರ್‌ಗೆ ಬರಲಿ.

ಗೆರೆ ಹಿಡಿತಕ್ಕೆ ಸಿಗುವುದಿಲ್ಲ ಎಂದಿರಲ್ಲ, ಅದಕ್ಕೆ ಮುಂಚೆ ಒಂದು ಕೇಳಬೇಕು. ಮೂರು ವರ್ಷದ ಹಿಂದೆ ನಿಮಗೆ 40. ಚಾಳೀಸು ಬರುವ ವಯಸ್ಸು. ಸೂಜಿಗೆ ದಾರ ಪೋಣಿಸಲು ಕೈ ದೂರ ಹೋಗುತ್ತಿದೆಯೇ? ಔಷಧದ ಚೀಟಿ ಓದಲು ಬೆಳಕಿಗೆ ಹೋಗುತ್ತೀರೇ? ಹೌದಾದರೆ ಗೆರೆ ಜಾರುತ್ತಿರುವುದರಲ್ಲಿ ಕಣ್ಣಿನ ಪಾಲೂ ಇರಬಹುದು. ಹಾಳೆಯ ಮೇಲಿನ ಪೆನ್ಸಿಲ್ ಮೊನೆ ಸ್ವಲ್ಪ ಮಸುಕಾದರೆ ಕೈ ತಡವರಿಸಿ ಒಂದೇ ಗೆರೆಯನ್ನು ಮೂರು ಸಲ ಕೆರೆಯುತ್ತದೆ, ಅರ್ಧ ಗಂಟೆಗೆ ಹಣೆ ನೋಯುತ್ತದೆ, ಮನಸ್ಸು ಅದನ್ನು ಬೇಸರ ಎಂದುಕೊಳ್ಳುತ್ತದೆ. ಕಣ್ಣು ಪರೀಕ್ಷೆ ಮಾಡಿಸಿ, ಚಿತ್ರ ಬರೆಯುವ ದೂರ ಎಷ್ಟೆಂದು ಅಳೆದು ಹೇಳಿ. ಓದುವ ದೂರ ಸುಮಾರು 40 ಸೆಂ.ಮೀ., ಹಲಗೆ ಇಟ್ಟು ಬರೆಯುವ ದೂರ 50ಕ್ಕೂ ಹೆಚ್ಚು. ಕನ್ನಡಕದ ನಂಬರು ಅದಕ್ಕೆ ತಕ್ಕ ಹಾಗೆ ಸ್ವಲ್ಪ ಬದಲಾಗುತ್ತದೆ.

ಕಣ್ಣು ಸರಿಯಿದ್ದರೆ ಉಳಿಯುವುದು ಕೈ ಮತ್ತು ತೀರ್ಪಿನ ನಡುವಿನ ಅಂತರ. ಈ ಮೂರು ವರ್ಷ ಕೈ ಸುಮ್ಮನಿತ್ತು, ಕಣ್ಣು ಸುಮ್ಮನಿರಲಿಲ್ಲ. ಫೋನಿನಲ್ಲಿ ದಿನವೂ ಒಳ್ಳೊಳ್ಳೆಯ ಚಿತ್ರ ನೋಡಿದ್ದೀರಿ, ನಿಮ್ಮ ಅಭಿರುಚಿ ಬೆಳೆದಿದೆ, ಕೈ ನಿಂತಲ್ಲೇ ನಿಂತಿದೆ. ಮೊದಲ ಇಪ್ಪತ್ತು ಹಾಳೆ ನಿಮ್ಮ ಕಣ್ಣಿಗೇ ಹಿಡಿಸುವುದಿಲ್ಲ ಎಂದು ಈಗಲೇ ಒಪ್ಪಿಕೊಂಡುಬಿಡಿ. ಮರೆತದ್ದನ್ನು ಮತ್ತೆ ಕಲಿಯಲು ಮೊದಲ ಸಲದಷ್ಟು ಹೊತ್ತು ಬೇಡ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದ. ಅವನು ಅಳೆದದ್ದು ಬಾಯಿಪಾಠದ ನೆನಪನ್ನು. ಕೈಕೆಲಸಕ್ಕೂ ಅದು ಹೊಂದುತ್ತದೆ: ಐದು ವರ್ಷ ಬಿಟ್ಟವರು ಸೈಕಲ್ ಹತ್ತಿದ ಹಾಗೆ.

ಈಗ ಹನ್ನೊಂದನೇ ದಿನದ ವಿಷಯ. ನೂರು ದಿನದ ಹಟದಲ್ಲಿ ಎರಡು ದೋಷಗಳಿವೆ. ಒಂದು, ಅದು ದಿನಕ್ಕೊಂದು ಚಿತ್ರ ಕೇಳುತ್ತದೆ, ಅಂದರೆ ಮುಗಿದ ವಸ್ತು ಕೇಳುತ್ತದೆ. ಆಫೀಸು ಮುಗಿಸಿ, ಅಡುಗೆ ಮುಗಿಸಿ ಕೂತವರು ರಾತ್ರಿ ಹತ್ತಕ್ಕೆ ಚಿತ್ರ ಮುಗಿಸುವುದು ಹೇಗೆ? ಇನ್ನೊಂದು, ಒಂದು ದಿನ ತಪ್ಪಿದರೆ ಸರಪಳಿ ಕಡಿದಂತೆ ಭಾವಿಸಿ ಎಲ್ಲವನ್ನೂ ಕೈಬಿಡುತ್ತೇವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕು ಎಂದು ಲೆಕ್ಕ ಹಾಕಿದರು. ಜನರಿಂದ ಜನರಿಗೆ ಅದು 18 ದಿನದಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ನೀವು ಹನ್ನೊಂದನೇ ದಿನ ನಿಲ್ಲಿಸಿದಾಗ ಅಭ್ಯಾಸ ಇನ್ನೂ ಬೇರು ಬಿಟ್ಟೇ ಇರಲಿಲ್ಲ. ಅದನ್ನು ಸೋಲು ಎಂದು ಬರೆದಿಡಬೇಡಿ.

ಲೆಕ್ಕ ಹೀಗಿರಲಿ: ವಾರಕ್ಕೆ ನಾಲ್ಕು ದಿನ, ದಿನಕ್ಕೆ 15 ನಿಮಿಷ. ಯಾವ ನಾಲ್ಕು ದಿನವೆಂದು ಮುಂಚೆ ಗೊತ್ತುಮಾಡಬೇಡಿ, ಯಾವ ಹೊತ್ತು ಎಂದು ಮಾತ್ರ ಗೊತ್ತುಮಾಡಿ. ಈಗಾಗಲೇ ದಿನವೂ ನಡೆಯುವ ಒಂದು ಕೆಲಸದ ಬಾಲಕ್ಕೆ ಅದನ್ನು ಕಟ್ಟಿ: ಬೆಳಗಿನ ಚಹಾ ಲೋಟ ಕೆಳಗಿಟ್ಟ ಕೂಡಲೇ, ಅಥವಾ ಸಂಜೆ ದೀಪ ಹಚ್ಚಿದ ಮೇಲೆ. ಫೋನಿನಲ್ಲಿ 15 ನಿಮಿಷ ಗಂಟೆ ಇಟ್ಟು, ಫೋನನ್ನು ಬೇರೆ ಕೋಣೆಯಲ್ಲಿಡಿ. ಗಂಟೆ ಹೊಡೆದಾಗ ಅರ್ಧದಲ್ಲಿದ್ದರೂ ಏಳಿ. ಅರ್ಧಕ್ಕೆ ಬಿಟ್ಟ ಗೆರೆ ಮರುದಿನ ತಾನಾಗಿ ಕರೆಯುತ್ತದೆ. ಮುಗಿಸಿದ ಹಾಳೆಯ ಮರುದಿನ ಮತ್ತೆ ಏನು ಬರೆಯಲಿ ಎಂಬಲ್ಲಿಂದ ಹೊರಡಬೇಕಾಗುತ್ತದೆ.

ಏನು ಬರೆಯಲಿ ಎಂಬ ಪ್ರಶ್ನೆಯನ್ನು ಕೂತ ಮೇಲೆ ಕೇಳಿಕೊಳ್ಳಲೇಬಾರದು. ಅಭ್ಯಾಸದ 15 ನಿಮಿಷದಲ್ಲಿ ಹತ್ತು ನಿಮಿಷ ಅದೇ ತಿನ್ನುತ್ತದೆ. ಒಂದು ದಿನ ಮನೆ ಸುತ್ತಿ 30 ವಸ್ತುಗಳ ಪಟ್ಟಿಯನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ: ಮೆಟ್ಟುಗತ್ತಿ, ತೆಂಗಿನಕಾಯಿ ಗಡಿ, ಬಾಗಿದ ಛತ್ರಿ, ಕುಕ್ಕರಿನ ವಿಷಲ್, ಹಾಳೆಟೊಪ್ಪಿ, ಮಡಚಿದ ಕಂಬಳಿ. ಸರದಿ ಬಂದದ್ದನ್ನು ಎದುರಿಗೆ ಇಟ್ಟು ಕೂರುವುದು, ಅಷ್ಟೇ. ಒಂದು ಎಚ್ಚರಿಕೆ: ಮೊದಲು ನಿಮಗೆ ಯಾವುದು ಚೆನ್ನಾಗಿ ಬರುತ್ತಿತ್ತೋ ಅದನ್ನು ಈ ಪಟ್ಟಿಗೆ ಸೇರಿಸಬೇಡಿ. ಕೂತ ಕೂಡಲೇ ಹಳೆಯ ಒಳ್ಳೆಯ ಚಿತ್ರ ನೆನಪಾಗಿ ಹೊಸದು ಸೋತುಬಿಡುತ್ತದೆ.

ಮೊದಲ ಎರಡು ವಾರ ಬಾಲ್‌ಪೆನ್ನು, ನೂರು ಪುಟದ ಸಾದಾ ನೋಟ್‌ಬುಕ್ಕು. ಪೆನ್ಸಿಲ್ ಬೇಡ, ಏಕೆಂದರೆ ರಬ್ಬರು ಬರುತ್ತದೆ, ರಬ್ಬರು ಬಂದರೆ ಹದಿನೈದು ನಿಮಿಷವೂ ಉಜ್ಜುವುದರಲ್ಲೇ ಹೋಗುತ್ತದೆ. ಮೊದಲ ಮೂರು ನಿಮಿಷ ಗೇಣುದ್ದದ ಇಪ್ಪತ್ತು ಗೆರೆ, ಮಣಿಕಟ್ಟು ಊರದೆ ಭುಜದಿಂದ ಎಳೆದದ್ದು. ಆಮೇಲೆ ಹತ್ತು ಅಂಡಾಕಾರ, ಲೋಟದ ಬಾಯಿಯನ್ನು ಓರೆಯಾಗಿ ನೋಡಿದರೆ ಕಾಣುವ ಹಾಗೆ. ಅಂಡಾಕಾರದ ಎರಡು ತುದಿ ಮೊನಚಾದರೆ ಕೈ ತುದಿಯಲ್ಲಿ ನಿಂತಿದೆ ಎಂದರ್ಥ. ನಿಲ್ಲಿಸದೆ ಎರಡು ಸುತ್ತು ತಿರುಗಿಸಿ. ಉಳಿದ ಹೊತ್ತು ಪಟ್ಟಿಯ ವಸ್ತು.

ಒಂದು ವಸ್ತುವನ್ನು ಹತ್ತಿರದಿಂದ ನೋಡುವುದು ಎಂದರೆ ಏನೆಂದು ಅಡಿಕೆಯಲ್ಲಿ ಹೇಳುತ್ತೇನೆ. ಶಿರಸಿಯವರಿಗೆ ಅಡಿಕೆ ನೋಡುವುದನ್ನು ಹೇಳಿಕೊಡುವುದೇ ಎನ್ನಬೇಡಿ. ಒಣಗಿದ ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸರಿಯಾಗಿ ಎರಡು ಹೋಳು ಮಾಡಿ, ಕಡಿದ ಮುಖ ಮೇಲಾಗಿ ಇಡಿ. ಬಿಳಿ ತಿರುಳಿನೊಳಕ್ಕೆ ಕಂದು ಗೆರೆಗಳು ಸಿಪ್ಪೆಯ ಕಡೆಯಿಂದ ನುಗ್ಗಿರುವುದು ಕಾಣುತ್ತದೆ. ಅವು ಎಲ್ಲೂ ಒಂದನ್ನೊಂದು ಅಡ್ಡಲಾಗಿ ದಾಟುವುದಿಲ್ಲ. ಅಂಚಿನ ಹತ್ತಿರ ದಪ್ಪ, ಒಳಗೆ ಬಂದ ಹಾಗೆ ಸಣ್ಣ, ಕೆಲವು ಕವಲೊಡೆದು ಅರ್ಧಕ್ಕೆ ನಿಲ್ಲುತ್ತವೆ. ನಡುವೆ ಕೆಲವೊಮ್ಮೆ ಟೊಳ್ಳು. ನೋಡದೆ ನೆನಪಿನಿಂದ ಬರೆದರೆ ಕೈ ಅದನ್ನು ಜೇಡರ ಬಲೆಯ ಹಾಗೆ, ನಡುವಿನಿಂದ ಹೊರಟ ಕಡ್ಡಿಗಳ ಹಾಗೆ ಬರೆಯುತ್ತದೆ. ನೋಡಿ ಬರೆದರೆ ಗೆರೆ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಪೆನ್ನು ಹಾಳೆಯ ಮೇಲಿರಲಿ, ಕಣ್ಣು ಅಡಿಕೆಯ ಮೇಲಿರಲಿ. ಹತ್ತು ಸೆಕೆಂಡಿಗೊಮ್ಮೆ ಮಾತ್ರ ಹಾಳೆ ನೋಡಿ. ನಾಣ್ಯದಷ್ಟು ಸಣ್ಣದಾಗಿ ಬರೆಯಬೇಡಿ, ಅಂಗೈಯಷ್ಟು ದೊಡ್ಡದು ಮಾಡಿ. ಒಂದೇ ಹೋಳನ್ನು ಮೂರು ದಿನ ಬರೆಯಿರಿ. ಮೂರನೇ ದಿನ ಕೈ ಕೆರೆಯುವುದನ್ನು ಬಿಟ್ಟು ಒಂದೇ ಎಳೆತಕ್ಕೆ ಬಂದಿರುವುದು ಕಾಣುತ್ತದೆ.

ಮೂರನೇ ವಾರದಿಂದ ಬಣ್ಣ, ಆದರೆ ಒಂದೇ ಬಣ್ಣ. ಇದಕ್ಕೆ ಮೇಲ್ಪಂಕ್ತಿ ನಿಮ್ಮೂರಲ್ಲೇ ಇದೆ. ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನು ಜಾತ್ರೆಯ ಗದ್ದಲವಿಲ್ಲದ ದಿನ ಹೋಗಿ ನಿಧಾನಕ್ಕೆ ನೋಡಿ. ಕೊಂಕಣ ಕರಾವಳಿಯುದ್ದಕ್ಕೂ ಬಂದ ಈ ಕಲೆಯಲ್ಲಿ ಇರುವುದು ಎರಡೇ: ಸುಣ್ಣದ ಗಾರೆಯ ಬಿಳಿ, ಕೆಮ್ಮಣ್ಣಿನ ಕೆಂಪು. ಕೆಂಪು ಪದರವನ್ನು ಮೊನಚಾದ ಉಳಿಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆಯುತ್ತಾರೆ. ಸುತ್ತುಗಳಿಗೆ ಕೈವಾರ ಬಳಸುತ್ತಾರೆ. ನೆರಳು, ಮಧ್ಯದ ಛಾಯೆ ಎಂಬುದಿಲ್ಲ. ನಡುವಿನ ಬಣ್ಣ ಬೇಕೆನಿಸಿದಲ್ಲಿ ಗೀಟುಗಳನ್ನೋ ಚುಕ್ಕಿಗಳನ್ನೋ ಒತ್ತಾಗಿ ತುಂಬಿರುತ್ತಾರೆ, ದೂರದಿಂದ ಅದು ನಸುಗೆಂಪಾಗಿ ಕಾಣುತ್ತದೆ. ಯಾವುದು ಕೆಂಪು, ಯಾವುದು ಬಿಳಿ ಎಂಬ ಒಂದೇ ತೀರ್ಮಾನದ ಮೇಲೆ ಇಡೀ ಗೋಡೆ ನಿಂತಿದೆ. ಬಿಟ್ಟುಹೋದ ಕೈಗೆ ಬೇಕಾದದ್ದು ಇಂಥ ಕಡಿಮೆ ತೀರ್ಮಾನಗಳ ಕೆಲಸ. ಬಣ್ಣ ಬೆರೆಸುವುದಿಲ್ಲ, ಆದ್ದರಿಂದ ರಾಡಿಯಾಗುವುದಿಲ್ಲ. ಎರಡನೇ ಪದರವಿಲ್ಲ, ಆದ್ದರಿಂದ ಒಣಗಲು ಕಾಯಬೇಕಿಲ್ಲ.

ಮಾಡುವ ಕ್ರಮ: ಎಂಟಕ್ಕೆ ಹರಿದ ಹಾಳೆಯ ತುಂಡು, ಇಂಡಿಯನ್ ರೆಡ್ ಇಲ್ಲವೇ ಬರ್ಂಟ್ ಸಿಯೆನಾದ ಒಂದು ಟ್ಯೂಬು, 8ನೇ ನಂಬರಿನ ದುಂಡು ಬ್ರಷ್, ಒಂದು ಮೇಣದಬತ್ತಿ ತುಂಡು. ಹೆಸರುಕಾಳಿನಷ್ಟು ಬಣ್ಣಕ್ಕೆ ಅರ್ಧ ಚಮಚ ನೀರು. ಹಾಲಿನ ಹದಕ್ಕಿಂತ ಸ್ವಲ್ಪ ಗಟ್ಟಿ ಇರಲಿ. ಮೇಣದಬತ್ತಿಯ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿ, ಬಿಳಿ ಉಳಿಯಬೇಕಾದ ಗೆರೆಗಳನ್ನು ಅದರಲ್ಲೇ ಒತ್ತಿ ಎಳೆಯಿರಿ. ಗೆರೆ ಕಾಣುವುದಿಲ್ಲ, ಹಾಳೆಯನ್ನು ದೀಪಕ್ಕೆ ಓರೆ ಹಿಡಿದರೆ ಹೊಳೆಯುತ್ತದೆ. ಆಮೇಲೆ ಕೆಂಪನ್ನು ಒಂದೇ ಸಲ, ತುಂಬಿದ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಹರಿಸಿ. ಹಲಗೆಯ ತಲೆಯ ಕೆಳಗೆ ಒಂದು ದಪ್ಪ ಪುಸ್ತಕವಿಟ್ಟರೆ ಬಣ್ಣ ತಾನಾಗಿ ಇಳಿಯುತ್ತದೆ. ಪ್ರತಿ ಎಳೆತದ ಅಡಿಯಲ್ಲಿ ತುಂಬಿ ನಿಂತ ಹನಿಸಾಲನ್ನು ಮುಂದಿನ ಎಳೆತ ಹಿಡಿದುಕೊಳ್ಳಬೇಕು. ನಡುವೆ ಬ್ರಷ್ ಒಣಗಿದರೆ ಪಟ್ಟೆ ಬೀಳುತ್ತದೆ, ಹಾಗಾಗಿ ಬಣ್ಣ ಬೇಕಾದದ್ದಕ್ಕಿಂತ ಎರಡು ಪಾಲು ಕಲಸಿಟ್ಟುಕೊಳ್ಳಿ. ಮೇಣದ ಗೆರೆ ಕೆಂಪಿನ ನಡುವೆ ಬೆಳ್ಳಗೆ ಎದ್ದು ಬರುತ್ತದೆ. ಗೆರೆ ಒಡೆದೊಡೆದು ಬಂದರೆ ಮೇಣ ಒತ್ತಿದ್ದು ಸಾಲದು, ಅಥವಾ ಕಾಗದ ತೀರಾ ಒರಟು. ಕಾವಿಯ ದೇವರನ್ನೋ ಹಂಸವನ್ನೋ ನಕಲು ಮಾಡಬೇಡಿ. ಅದೇ ಪಟ್ಟಿಯ ವಸ್ತುಗಳು, ಮೆಟ್ಟುಗತ್ತಿ, ಛತ್ರಿ, ಎರಡೇ ಬಣ್ಣದಲ್ಲಿ.

ಈ ನಾಲ್ಕಾರು ವಾರ ಯಾರಿಗೂ ತೋರಿಸಬೇಡಿ, ಫೋಟೊ ಹಾಕಬೇಡಿ, ನೀವೂ ಅಂದೇ ನೋಡಿ ಬೆಲೆ ಕಟ್ಟಬೇಡಿ. ಹಾಳೆಯನ್ನು ಮಗುಚಿ ಕಡತದಲ್ಲಿಡಿ. ಒಂದು ತಿಂಗಳಾದ ಮೇಲೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ ನೋಡಿ. ಅಂದಂದೇ ನೋಡಿದರೆ ತಪ್ಪು ಮಾತ್ರ ಕಾಣುತ್ತದೆ, ಸಾಲಾಗಿ ನೋಡಿದರೆ ಚಲನೆ ಕಾಣುತ್ತದೆ.

ಹಾಳೆ ಕೆಡಿಸುವ ಹೆದರಿಕೆ ಆಗಲೂ ಹೋಗದಿದ್ದರೆ ಒಂದು ಉಪಾಯ ಇದೆ, ಅದಕ್ಕೆ ನೀವಿರುವ ಊರಿನ ನಂಟೂ ಇದೆ. ಕಾರವಾರದ ಕಡಲತೀರಕ್ಕೆ ಹೆಸರಾಗಿರುವ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದು ಇಪ್ಪತ್ತರ ಹರೆಯದಲ್ಲಿ. ಚಿತ್ರಕ್ಕೆ ಗಂಭೀರವಾಗಿ ಕೈಹಾಕಿದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಗೀಚನ್ನೇ ಒಂದಕ್ಕೊಂದು ಜೋಡಿಸಿ, ಅದರಿಂದ ಹಕ್ಕಿಯನ್ನೋ ಮುಖವನ್ನೋ ಎಬ್ಬಿಸುತ್ತಾ ಅವರ ಚಿತ್ರ ಹೊರಟಿತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಆಯಿತು, ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬಿಟ್ಟುಹೋದರು. ನೀವೂ ಹಾಗೆಯೇ ಹಾಳೆಯ ಮೇಲೆ ಕಣ್ಣುಮುಚ್ಚಿ ನಾಲ್ಕು ಗೀಚು ಹಾಕಿ, ಆ ಗೀಚುಗಳನ್ನು ಬಿಡದೆ ಒಂದು ಆಕಾರಕ್ಕೆ ತನ್ನಿ. ಮೊದಲೇ ಕೆಟ್ಟ ಹಾಳೆಯನ್ನು ಇನ್ನು ಕೆಡಿಸುವುದೇನು?

ಜುಲೈ 31ಕ್ಕೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಆಗಸ್ಟಿನಲ್ಲಿ ತಾಜಾ ಬಂಗಡೆ ಪೇಟೆಗೆ ಬಂದಾಗ, ಮೀನು ಮುಟ್ಟುವ ಮನೆಯಾದರೆ, ಅದನ್ನು ಕೊಯ್ಯುವ ಮೊದಲು 15 ನಿಮಿಷ ತಟ್ಟೆಯಲ್ಲಿಡಿ. ನಮ್ಮ ಬಂಗಡೆಯ ಬೆನ್ನಿನ ಮೇಲ್ಭಾಗದಲ್ಲಿ ಗೆರೆಗಳು ತಲೆಯಿಂದ ಬಾಲಕ್ಕೆ ಉದ್ದಕ್ಕೆ ಓಡುತ್ತವೆ, ತಾಜಾ ಇದ್ದಾಗ ಅವುಗಳಲ್ಲಿ ಹೊನ್ನಿನ ಛಾಯೆ ಇರುತ್ತದೆ. ಎದೆಯ ರೆಕ್ಕೆಯ ಬುಡದ ಹತ್ತಿರ ಒಂದು ಕಪ್ಪು ಮಚ್ಚೆ. ಅಂತರ್ಜಾಲದ ಫೋಟೊ ನೋಡಿ ಬರೆದವರು ಹೆಚ್ಚಾಗಿ ಬೆನ್ನಿನ ಮೇಲೆ ಅಡ್ಡಡ್ಡ ಅಲೆಗೆರೆ ಹಾಕಿರುತ್ತಾರೆ. ಅದು ಅಟ್ಲಾಂಟಿಕ್ ಸಾಗರದ ಮೀನು, ನಮ್ಮ ಬೈತಖೋಲಕ್ಕೆ ಬರುವುದಲ್ಲ. ಹೊಟ್ಟೆಯ ಬೆಳ್ಳಿಗೆ ಬೂದು ಬಣ್ಣ ಹಚ್ಚಬೇಡಿ, ಕಾಗದವನ್ನೇ ಬಿಳಿಯಾಗಿ ಬಿಟ್ಟು ಅದರ ಅಂಚನ್ನು ಮಾತ್ರ ಕಪ್ಪಾಗಿಸಿ. ಲೋಹದ ಹೊಳಪು ಎಂದರೆ ತೀರಾ ಬಿಳಿಯ ಪಕ್ಕದಲ್ಲೇ ತೀರಾ ಕಪ್ಪು.

ಅಕ್ಟೋಬರಿಗೆ ಹವೆ ಒಣಗುತ್ತದೆ, ಆಗ ನಾಲ್ಕು ಟ್ಯೂಬು ಸಾಕು: ಅಲ್ಟ್ರಾಮರೀನ್, ಬರ್ಂಟ್ ಸಿಯೆನಾ, ಯೆಲ್ಲೋ ಓಕರ್, ಲೆಮನ್ ಯೆಲ್ಲೋ. ಮೊದಲಿನ ಎರಡು ಬೆರೆತರೆ ಮೋಡದ ಎಲ್ಲ ಬೂದು ಬಣ್ಣಗಳು ಸಿಗುತ್ತವೆ, ನೀಲಿ ಹೆಚ್ಚಾದರೆ ತಣ್ಣಗಿನದು, ಕೆಂಪು ಹೆಚ್ಚಾದರೆ ಕಾದ ಕಲ್ಲಿನದು. ನೀಲಿಗೆ ಓಕರ್ ಸೇರಿದರೆ ಬೆಟ್ಟದ ಹಸಿರು, ಲೆಮನ್ ಸೇರಿದರೆ ಗದ್ದೆಯ ಹಸಿರು. ಮೂರಕ್ಕಿಂತ ಹೆಚ್ಚು ಬಣ್ಣ ಒಂದೇ ಗುಳಿಯಲ್ಲಿ ಬೆರೆಸಬೇಡಿ. ಕೋಡಿಬಾಗದ ಕಡೆಯಿಂದ ಕಾಳಿ ನದಿಯಾಚೆಯ ಸದಾಶಿವಗಡ ನೋಡುವಾಗ ನೀವು ಉತ್ತರಕ್ಕೆ ಮುಖಮಾಡಿರುತ್ತೀರಿ. ಬೆಳಿಗ್ಗೆ ಬಿಸಿಲು ಬಲಗಡೆಯಿಂದ ಬಂದು ಗುಡ್ಡದ ಮೈ ಚೆನ್ನಾಗಿ ಬಿಡಿಸಿ ಕಾಣುತ್ತದೆ. ಕಡಲಿಗೆ ಮುಖ ಮಾಡಿದರೆ ಬೆಳಿಗ್ಗೆ ಬೆಳಕು ಬೆನ್ನಹಿಂದೆ, ದ್ವೀಪಗಳು ಚಪ್ಪಟೆ. ಸಂಜೆ ಎದುರುಬಿಸಿಲಿಗೆ ಅವು ಬರಿಯ ಕಪ್ಪು ಆಕೃತಿ, ಎರಡು ಬಣ್ಣದಲ್ಲಿ ಮುಗಿಯುವ ವಿಷಯ. 20 ನಿಮಿಷಕ್ಕಿಂತ ಹೆಚ್ಚು ಒಂದೇ ಹಾಳೆಗೆ ಕೂರಬೇಡಿ, ನೆರಳು ಜಾಗ ಬದಲಿಸಿರುತ್ತದೆ. ನೀರು ಮನೆಯಿಂದಲೇ ಒಯ್ಯಿರಿ. ಕಡಲ ನೀರಿನಲ್ಲಿ ಬಣ್ಣ ಕಲಸಿದರೆ ಉಪ್ಪು ಹಾಳೆಯಲ್ಲೇ ಉಳಿದು ಪ್ರತಿ ಮಳೆಗಾಲಕ್ಕೂ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಚಿತ್ರ ಮತ್ತೆ ಜಿಗುಟಾಗುತ್ತದೆ. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿ ಹಿಮದಂಥ ಗುರುತು ಮೂಡಿಸುವ ಕೈಚಳಕವೂ ಇದೇ ಕಾರಣಕ್ಕೆ ಇಲ್ಲಿ ಬೇಡ.

ಒಂದು ಮಾತು ಬೇರೆಯಾಗಿ ಹೇಳಬೇಕು. ಚಿತ್ರದಲ್ಲಿ ಮಾತ್ರ ಮನಸ್ಸಿಲ್ಲದಿರುವುದು ಒಂದು. ಊಟ, ನಿದ್ದೆ, ಮಾತು, ಮೊದಲು ಹಿಡಿಸುತ್ತಿದ್ದ ಯಾವುದರಲ್ಲೂ ಎರಡು ವಾರಕ್ಕಿಂತ ಹೆಚ್ಚು ಮನಸ್ಸು ನಿಲ್ಲದಿರುವುದು ಇನ್ನೊಂದು. ಎರಡನೆಯದಾದರೆ ಮೇಲಿನ ಯಾವ ಕ್ರಮವೂ ಅದಕ್ಕೆ ಔಷಧವಲ್ಲ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ, ಆದರೂ ನೀವೇ ಒಮ್ಮೆ ನೋಡಿಕೊಳ್ಳಿ.

ವರ್ಗದ ಊರಿನಲ್ಲಿ ಜಾಗ ಇಕ್ಕಟ್ಟಿರುತ್ತದೆ. ಹಾಗಾದರೆ ಮೇಜು ಹೊಂದಿಸುವ ಗೊಡವೆಗೆ ಹೋಗದೆ ಒಂದು ಸ್ಟೀಲ್ ಡಬ್ಬದಲ್ಲಿ ನೋಟ್‌ಬುಕ್ಕು, ಪೆನ್ನು, ಬ್ರಷ್, ಒಂದು ಟ್ಯೂಬು, ಒರೆಸುವ ಹಳೆಯ ಬನಿಯನ್ ತುಂಡು ಇಷ್ಟನ್ನೂ ಒಟ್ಟಿಗೆ ಇಡಿ. ಡಬ್ಬ ಚಹಾ ಕುಡಿಯುವ ಜಾಗದಲ್ಲೇ ಇರಲಿ, ಅಟ್ಟಕ್ಕೆ ಹೋಗದಿರಲಿ. ಬೆಳಕು ಎಡಗಡೆಯಿಂದ ಬೀಳಲಿ, ಎಡಗೈಯವರಾದರೆ ಬಲದಿಂದ. ಕರೆಂಟು ಹೋದ ಸಂಜೆಗೆ ಚಾರ್ಜಿಂಗ್ ದೀಪ ಸಾಕು, ಆ ಬೆಳಕಿನಲ್ಲಿ ಬಣ್ಣ ಬೆರೆಸಬೇಡಿ, ಪೆನ್ನು ಹಿಡಿಯಿರಿ. ಬ್ರಷ್ಷನ್ನು ಸಾಬೂನಿನಲ್ಲಿ ತೊಳೆದು, ತುದಿ ಮೊನಚು ಮಾಡಿ, ಕೂದಲು ಕೆಳಗಾಗುವಂತೆ ತೂಗುಹಾಕಿ ಒಣಗಿಸಿ. ಮೇಲಾಗಿ ನಿಲ್ಲಿಸಿದರೆ ನೀರು ಲೋಹದ ಕೊರಳಿಗೆ ಇಳಿದು ತುಕ್ಕು ಹಿಡಿಯುತ್ತದೆ, ಮರದ ಹಿಡಿ ಉಬ್ಬಿ ಬಣ್ಣ ಸುಲಿಯುತ್ತದೆ. ಪ್ರತಿ ಹಾಳೆಯ ಹಿಂಬದಿಯಲ್ಲಿ ತೇದಿ ಹಾಕಿ, 2ಬಿ ಪೆನ್ಸಿಲಿನಲ್ಲಿ, ಹಗುರಾಗಿ. ಬಾಲ್‌ಪೆನ್ನು ಒತ್ತಿದರೆ ಎದುರುಬದಿಯ ಬಣ್ಣದಲ್ಲಿ ಅಚ್ಚು ಮೂಡುತ್ತದೆ.